ಕೆಲ್ಸಕ್ಕೆ ಜನ ಇಟ್ಕೊಂಡಿದೀರಾ? ದಾವಣಗೆರೆ ಅಂಗಡಿ, ಹೋಟ್ಲು, ಮಿಲ್ ಮಾಲೀಕ್ರು ಮಾಡ್ಬೇಕಾದ ಕಾನೂನಿನ ಕೆಲ್ಸ ಒಂದೊಂದಾಗಿ

ನಮ್ಮ ದಾವಣಗೆರೆಲಿ ಅಂಗಡಿ ಇಟ್ಟೋರನ್ನ ಜಿಎಸ್‌ಟಿ ಬಗ್ಗೆ ಕೇಳಿ, ಯಾವ ತಾರೀಕಿಗೆ ಯಾವ ರಿಟರ್ನ್ ಅಂತ ಪಟಪಟ ಹೇಳ್ತಾರೆ, ಅದೇ ಅಂಗಡಿಲಿ ದಿನಾ ನಿಂತು ಕೆಲ್ಸ ಮಾಡೋ ಹುಡುಗ್ರಿಗೆ ನೇಮಕಾತಿ ಪತ್ರ ಕೊಟ್ಟಿದೀರಾ ಅಂದ್ರೆ ಮಾತ್ರ "ಅದೆಲ್ಲ ಬೆಂಗ್ಳೂರಿನ ಕಂಪ್ನಿಗಳಿಗೆ, ನಮ್ದು ಮನಿ ಇದ್ದಂಗೆ ನಡೀತತಿ ಬಿಡ್ರಿ" ಅಂತಾರೆ. ಮನೆ ಥರ ನಡ್ಸೋದು ಒಳ್ಳೇದೇ. ನಮ್ಮೂರಲ್ಲಿ ಕೆಲ್ಸದೋರ ಮಕ್ಕಳ ಫೀಸು ಕಟ್ಟಿರೋ, ಆಸ್ಪತ್ರೆ ಬಿಲ್ ಕಟ್ಟಿರೋ ಮಾಲೀಕ್ರು ಬೇಕಾದಷ್ಟು ಜನ ಇದಾರೆ. ಆದ್ರೆ ಹತ್ತು ವರ್ಷ ದುಡಿದ ಮನುಷ್ಯ ಬಿಟ್ಟು ಹೋಗೋ ದಿನ ಎಷ್ಟು ಕೊಡ್ಬೇಕು ಅನ್ನೋ ಮಾತು ಬಂದಾಗ ಬರವಣಿಗೆಲಿ ಏನೂ ಇಲ್ದೇ ಇದ್ರೆ ಅಷ್ಟು ವರ್ಷದ ಪ್ರೀತಿ ಒಂದೇ ಸಂಜೆಗೆ ಜಗಳ ಆಗಿಬಿಡುತ್ತೆ, ಇಬ್ರೂ ತಮ್ದೇ ಸರಿ ಅಂತಾರೆ, ಇಬ್ರ ಹತ್ರಾನೂ ತೋರ್ಸೋಕೆ ಒಂದು ಚೀಟಿ ಇರಲ್ಲ.

ನಾನು ಇದೇ ಊರಲ್ಲಿ ಅಂಗಡಿ, ಹೋಟ್ಲುಗಳ ಸಂಬಳ, ಪಿಎಫ್ ಲೆಕ್ಕ ನೋಡ್ಕೊಳ್ಳೋನು. ದಿನಾ ಕೇಳೋ ಪ್ರಶ್ನೆಗಳನ್ನ ಇಟ್ಕೊಂಡು ಇದನ್ನ ಬರೀತಿದೀನಿ, ಅರ್ಜೆಂಟಲ್ಲಿ ಓದ್ಬೇಡಿ, ಒಂದು ಭಾನುವಾರ ಕೂತ್ಕೊಂಡು ನಿಮ್ಮ ಅಂಗಡಿಗೆ ಹೊಂದಿಸ್ಕೊಂಡು ಓದಿ.

ಶುರು ಮಾಡೋ ಮುಂಚೆ ಒಂದು ವಿಷ್ಯ. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿದಾವೆ. ವೇತನ ಸಂಹಿತೆ, ಕೈಗಾರಿಕಾ ಸಂಬಂಧ ಸಂಹಿತೆ, ಸಾಮಾಜಿಕ ಭದ್ರತಾ ಸಂಹಿತೆ, ಔದ್ಯೋಗಿಕ ಸುರಕ್ಷತೆ ಸಂಹಿತೆ ಅಂತ. ಕನಿಷ್ಠ ವೇತನ, ಬೋನಸ್, ಗ್ರಾಚ್ಯುಟಿ (ವರ್ಷಗಟ್ಲೆ ದುಡಿದೋರು ಬಿಟ್ಟು ಹೋಗೋವಾಗ ಕೊಡೋ ಇಡುಗಂಟು), ಹೆರಿಗೆ ಸೌಲಭ್ಯ ಹೀಗೆ 29 ಹಳೇ ಕಾಯ್ದೆಗಳು ಇದ್ರೊಳಗೆ ಸೇರ್ಕೊಂಡವು. ಆದ್ರೆ ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೋಗಿಲ್ಲ, ಅದು ಇದೆ. ಹಂಗಾಗಿ ಅಂಗಡಿಯೋರು ಎರಡನ್ನೂ ನೋಡ್ಕೋಬೇಕು. ಹಳೇ ಆಡಿಟರ್ ಕೊಟ್ಟ ಹಳೇ ಫೈಲ್ ಇದೆ ಅಂತ ಸುಮ್ನೆ ಕೂರೋ ಕಾಲ ಅಲ್ಲ ಇದು.

ಹೆಜ್ಜೆ 1: ತಲೆ ಎಣಿಸಿ

ಎಲ್ಲಾ ಇದ್ರ ಮೇಲೇ ನಿಂತಿದೆ. ಒಬ್ಬ ಇದ್ರೂ ಅಂಗಡಿ ಕಾಯ್ದೆ, ಕನಿಷ್ಠ ವೇತನ ಬರುತ್ತೆ. 10 ಜನ ಆದ್ರೆ ಕೆಲ್ಸದೋರ ಆಸ್ಪತ್ರೆ ವಿಮೆಯಾದ ಇಎಸ್‌ಐ, ಗ್ರಾಚ್ಯುಟಿ, ಹೆರಿಗೆ ಸೌಲಭ್ಯ, ಲೈಂಗಿಕ ಕಿರುಕುಳ ತಡೆ ಸಮಿತಿ. 20 ಆದ್ರೆ ಪಿಎಫ್ ಮತ್ತು ಬೋನಸ್. 50 ಆದ್ರೆ ಕೂಸಿನ ಮನೆ (ಕೆಲ್ಸದೋರ ಮಕ್ಕಳನ್ನ ನೋಡ್ಕೊಳ್ಳೋ ಜಾಗ) ಮತ್ತು ಕಾರ್ಮಿಕ ಕಲ್ಯಾಣ ನಿಧಿ.

ತಪ್ಪಾಗೋದು ಎಣಿಸೋ ರೀತಿಲಿ. ಚೌಕಿಪೇಟೆಲಿ ಒಂದು ಬಟ್ಟೆ ಅಂಗಡಿ, ಅಲ್ಲಿ 12 ಜನ, ಹರಿಹರದಲ್ಲಿ ಅದೇ ಮಾಲೀಕ್ರ ಬ್ರಾಂಚು, ಅಲ್ಲಿ 9 ಜನ ಅಂತ ಇಟ್ಕೊಳ್ಳಿ. ಮಾಲೀಕ್ರು "ಎರಡೂ ಕಡೆ 20ರ ಒಳಗೈತಿ, ಪಿಎಫ್ ಬರಲ್ಲ" ಅಂತಾರೆ. ಬರುತ್ತೆ. ಬ್ರಾಂಚುಗಳೆಲ್ಲ ಸೇರಿ ಒಂದೇ ಸಂಸ್ಥೆ, 12 ಮತ್ತು 9 ಸೇರಿ 21. ಹಂಗೇ ಏಜೆನ್ಸಿಯಿಂದ ಬಂದ ಸೆಕ್ಯುರಿಟಿ, ಗುಡಿಸೋ ಅಮ್ಮ, ಗೋಡೌನಲ್ಲಿ ಕಾಂಟ್ರಾಕ್ಟರ್ ಕಳ್ಸಿರೋ ಲೋಡಿಂಗ್ ಹುಡುಗ್ರು, ಇವ್ರೂ ಎಣಿಕೆಲಿ ಬರ್ತಾರೆ. ಟ್ರೈನಿಂಗಲ್ಲಿ ಇದಾನೆ, ಇನ್ನೂ ಪರ್ಮನೆಂಟ್ ಆಗಿಲ್ಲ ಅನ್ನೋದು ಲೆಕ್ಕಕ್ಕೆ ಬರೋ ಮಾತಲ್ಲ. ಇನ್ನೊಂದು, ಒಂದ್ಸಲ ಪಿಎಫ್ ಅಥ್ವಾ ಇಎಸ್‌ಐ ಒಳಗೆ ಬಂದ್ಮೇಲೆ ಆಮೇಲೆ ಜನ ಕಮ್ಮಿ ಆದ್ರು ಅಂತ ಹೊರಗೆ ಹೋಗೋಕೆ ಆಗಲ್ಲ. ಅದ್ಕೇ 20 ಆಗೋದನ್ನ ತಪ್ಪಿಸ್ಬೇಕು ಅಂತ 19ಕ್ಕೆ ನಿಲ್ಸಿ ಒಂದಿಬ್ರನ್ನ ರಿಜಿಸ್ಟರ್‌ನಿಂದ ಹೊರಗಿಡೋದು ಬೇಡ, ಆ ಹೊರಗಿಟ್ಟೋರಲ್ಲೇ ಒಬ್ರಿಗೆ ಏನಾದ್ರೂ ಆದ ದಿನ ಪೂರ್ತಿ ಲೆಕ್ಕ ಹೊರಗೆ ಬರುತ್ತೆ.

ಹೆಜ್ಜೆ 2: ನೋಂದಣಿ

ಇದು ಬೇಗ ಆಗೋ ಕೆಲ್ಸ. ಅಂಗಡಿ ಶುರು ಮಾಡಿದ 30 ದಿನದೊಳಗೆ ಕಾರ್ಮಿಕ ಇಲಾಖೆಲಿ ನಮೂನೆ ಎ ಹಾಕಿ ನೋಂದಣಿ ಮಾಡಿಸ್ಬೇಕು, ಇಲಾಖೆಯ ಇ-ಕರ್ಮಿಕ ಪೋರ್ಟಲಲ್ಲಿ ಆನ್‌ಲೈನೇ ಆಗುತ್ತೆ. ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇರೆ, ಇದು ಬೇರೆ, ಅದಿದೆ ಅಂತ ಇದನ್ನ ಬಿಡಬೇಡಿ. ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರ್ಬೇಕು, ಅದೂ ಮೇಲ್ಭಾಗದಲ್ಲಿ. ಸರ್ಟಿಫಿಕೇಟನ್ನ ಗಲ್ಲೆ ಹಿಂದೆ ದೇವ್ರ ಫೋಟೋ ಪಕ್ಕದಲ್ಲಿ ಎಲ್ರಿಗೂ ಕಾಣೋ ಹಂಗೆ ಹಾಕಿ.

ಹೆಜ್ಜೆ 3: ನೇಮಕಾತಿ ಪತ್ರ

ನನ್ನ ಕೇಳಿದ್ರೆ ಇದು ಎಲ್ಲಕ್ಕಿಂತ ಮುಖ್ಯ. ನಮ್ಮ ಅಂಗಡಿ ಕಾಯ್ದೆ ಪ್ರಕಾರ ಕೆಲ್ಸಕ್ಕೆ ಸೇರಿದ 30 ದಿನದೊಳಗೆ ನಮೂನೆ ಕ್ಯೂ ಅನ್ನೋ ನೇಮಕಾತಿ ಆದೇಶ ಕೊಡ್ಲೇಬೇಕು, ಒಬ್ಬನೇ ಕೆಲ್ಸದೋನು ಇದ್ರೂ ಕೊಡ್ಬೇಕು. ಹೆಸ್ರು, ವಯಸ್ಸು, ವಿಳಾಸ, ಏನು ಕೆಲ್ಸ, ಸೇರಿದ ದಿನ, ಸಂಬಳ ಎಷ್ಟು, ಅದ್ರಲ್ಲಿ ಮೂಲ ವೇತನ ಎಷ್ಟು ತುಟ್ಟಿಭತ್ಯೆ ಎಷ್ಟು, ಇಷ್ಟು ಬರ್ದು ಎರಡು ಪ್ರತಿ ಮಾಡಿ ಒಂದನ್ನ ಅವ್ರಿಗೆ ಕೊಟ್ಟು ಇನ್ನೊಂದ್ರಲ್ಲಿ ಸಹಿ ತಗೊಂಡು ಫೈಲಲ್ಲಿ ಇಡಿ. ಕನ್ನಡದಲ್ಲೇ ಬರೀರಿ. ಓದೋಕೆ ಬರ್ದೇ ಇರೋರಿಗೆ ಕೂರ್ಸಿ ಓದಿ ಹೇಳಿ, ಮನೇಲಿ ಉರ್ದು ಮಾತಾಡೋ ಹುಡುಗ ಆದ್ರೆ ಅಂಗಡಿಲೇ ಯಾರಾದ್ರೂ ಉರ್ದು ಬರೋರಿಂದ ಹೇಳಿಸಿ, ಆಮೇಲೆ ಸಹಿ.

ಸೇರಿದ ತಾರೀಕು ಮಾತ್ರ ಸರಿಯಾಗಿ ಹಾಕಿ. ಆರು ತಿಂಗಳು ಟ್ರಯಲ್ ನೋಡಿ ಆಮೇಲಿನ ತಾರೀಕು ಹಾಕೋ ಅಭ್ಯಾಸ ನಮ್ಮಲ್ಲಿ ಇದೆ, ಅದು ಗ್ರಾಚ್ಯುಟಿಗೂ ಪಿಎಫ್‌ಗೂ ಆಮೇಲೆ ಕುತ್ತು ತರುತ್ತೆ.

ಜೊತೆಗೆ ವಯಸ್ಸಿನ ದಾಖಲೆ ಜೆರಾಕ್ಸ್ ಇಟ್ಕೊಳ್ಳಿ. ಒರಿಜಿನಲ್ ಅಲ್ಲ, ಜೆರಾಕ್ಸ್. ಮಾರ್ಕ್ಸ್ ಕಾರ್ಡ್, ಆಧಾರ್ ಒರಿಜಿನಲ್ ಇಸ್ಕೊಂಡು ಬೀರುಲಿ ಇಡೋದು "ಓಡಿ ಹೋಗ್ಬಾರ್ದು" ಅಂತ ಮಾಡ್ತಾರೆ. ಇದನ್ನ ನಿಲ್ಸಿ. ಅದ್ರಲ್ಲೂ ಅಡ್ವಾನ್ಸ್ ಕೊಟ್ಟು, ಅದು ತೀರೋವರ್ಗೂ ಬೇರೆ ಕಡೆ ಹೋಗಂಗಿಲ್ಲ ಅಂತ ಹಿಡ್ಕೊಂಡ್ರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಕೆಳಗೆ ಬರುತ್ತೆ, ಮೂರು ವರ್ಷದವರೆಗೆ ಜೈಲು ಇದೆ. ಇಟ್ಟಿಗೆ ಭಟ್ಟಿ, ಮಂಡಕ್ಕಿ ಭಟ್ಟಿ, ಕೋಳಿ ಫಾರಂ ನಡ್ಸೋರು ಇದನ್ನ ಎರಡು ಸಲ ಓದಿ. ಅಡ್ವಾನ್ಸ್ ಕೊಡೋದು ತಪ್ಪಲ್ಲ, ಕೊಟ್ಟ ದುಡ್ಡು ವಾಪಸ್ ಕೇಳೋದೂ ತಪ್ಪಲ್ಲ, ಆ ದುಡ್ಡಿಗೆ ಮನುಷ್ಯನ್ನ ಕಟ್ಟಿಹಾಕೋದು ತಪ್ಪು.

ವಯಸ್ಸು ಅಂದಾಗ ಇದನ್ನೂ ಹೇಳ್ಬಿಡ್ತೀನಿ. 14 ತುಂಬದ ಮಗುನ ಯಾವ ಕೆಲ್ಸಕ್ಕೂ ಇಟ್ಕೊಳ್ಳಂಗಿಲ್ಲ. ಬೇಸಿಗೆ ರಜೆ, ದಸರಾ ರಜೆಗೆ ಬಂದಿದಾನೆ, ಅವ್ರಮ್ಮನೇ ತಂದು ಬಿಟ್ಲು ಅನ್ನೋದು ಯಾವ್ದೂ ನಡಿಯಲ್ಲ. 14ರಿಂದ 18ರೊಳಗಿನೋರನ್ನ ಅಪಾಯದ ಕೆಲ್ಸಕ್ಕೆ ಹಾಕಂಗಿಲ್ಲ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲ 20 ಸಾವಿರದಿಂದ 50 ಸಾವಿರ ದಂಡ, ಅಥ್ವಾ ಎರಡೂ. ಶಿಕ್ಷೆ ಬಿಡಿ, ಆ ಮಗು ಶಾಲೆಲಿ ಇರ್ಬೇಕು, ಅಷ್ಟೇ.

ಹೆಜ್ಜೆ 4: ಟೈಮು ಮತ್ತು ರಜೆ

ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ಕೆಲ್ಸ ಆದ್ಮೇಲೆ ಒಂದು ಗಂಟೆ ಬಿಡುವು. ಬೆಳಗ್ಗೆ ಬಂದ ಹೊತ್ತಿಂದ ರಾತ್ರಿ ಹೋಗೋ ಹೊತ್ತಿನವರೆಗೆ ಬಿಡುವೂ ಸೇರಿ 12 ಗಂಟೆ ಮೀರ್ಬಾರ್ದು. ಇಲ್ಲಿ ನಮ್ಮ ಬೆಣ್ಣೆದೋಸೆ ಹೋಟ್ಲುಗಳೋರು ಸ್ವಲ್ಪ ಯೋಚ್ನೆ ಮಾಡ್ಬೇಕು. ಬೆಳಗ್ಗೆ ಆರಕ್ಕೆ ಬಂದು ಹಿಟ್ಟು, ಬೆಣ್ಣೆ, ಚಟ್ನಿ ನೋಡ್ಕೊಂಡ ಭಟ್ರು ಮಧ್ಯಾಹ್ನ ಮಲ್ಗಿ ಮತ್ತೆ ಸಂಜೆ ಕಾವಲಿ ಮುಂದೆ ನಿಂತು ರಾತ್ರಿ ಹತ್ತಕ್ಕೆ ಹೋಗ್ತಾರೆ ಅಂದ್ರೆ ಅದು 16 ಗಂಟೆ ಹರಡ್ತು, ಮಧ್ಯೆ ಮಲ್ಗಿದ್ರಲ್ಲ ಅಂದ್ರೆ ನಡಿಯಲ್ಲ. ಎರಡು ಪಾಳಿ ಮಾಡೋದೇ ದಾರಿ.

ಹೆಚ್ಚುವರಿ ಕೆಲ್ಸ ಮಾಡ್ಸಿದ್ರೆ ಡಬಲ್ ಕೂಲಿ. ತಿಂಗಳಿಗೆ 20,800 ಸಂಬಳದೋನಿಗೆ 26 ದಿನಕ್ಕೆ ಭಾಗ ಮಾಡಿದ್ರೆ ದಿನಕ್ಕೆ 800, ಎಂಟು ಗಂಟೆ ಲೆಕ್ಕದಲ್ಲಿ ಗಂಟೆಗೆ 100, ಓಟಿ ಗಂಟೆಗೆ 200. ದೀಪಾವಳಿ, ಮದ್ವೆ ಸೀಸನ್‌ನಲ್ಲಿ ಬಟ್ಟೆ ಅಂಗಡಿಯೋರು ರಾತ್ರಿ ಹನ್ನೊಂದರ ತನಕ ನಿಲ್ಲಿಸ್ಕೊಂಡು ಊಟ ಕೊಡ್ಸಿ ಕಳಿಸ್ತಾರೆ, ಊಟ ಒಳ್ಳೇದು, ಆದ್ರೆ ಊಟ ಓಟಿ ಅಲ್ಲ. ಓಟಿ ಸೇರಿ ದಿನಕ್ಕೆ 10 ಗಂಟೆ, ಮೂರು ತಿಂಗಳಿಗೆ ಓಟಿ 50 ಗಂಟೆ, ಇದು ಮಿತಿ.

ವಾರಕ್ಕೊಂದು ಪೂರ್ತಿ ದಿನ ರಜೆ. ವರ್ಷಕ್ಕೆ 10 ಹಬ್ಬದ ರಜೆ ಸಂಬಳ ಸಮೇತ. ಇದ್ರಲ್ಲಿ ಐದು ಯಾವಾಗ್ಲೂ ಇರೋವು, ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1. ಉಳಿದ ಐದನ್ನ ನೀವು ಕೆಲ್ಸದೋರ ಜೊತೆ ಕೂತು ಆರಿಸ್ಕೋಬೋದು. ಯುಗಾದಿ, ರಂಜಾನ್, ಗಣೇಶ, ಆಯುಧಪೂಜೆ, ದೀಪಾವಳಿ ಅಂತ ಸಾಮಾನ್ಯವಾಗಿ ಹಾಕ್ತಾರೆ. ದುಗ್ಗಮ್ಮನ ಜಾತ್ರೆ ಬರೋ ವರ್ಷ ಅದ್ಕೊಂದು ದಿನ ಮೊದ್ಲೇ ಪಟ್ಟಿಲಿ ಇಡಿ, ಎರಡು ವರ್ಷಕ್ಕೊಮ್ಮೆ ಬರೋ ಜಾತ್ರೆ, ಮನೆತುಂಬ ನೆಂಟ್ರು ಬಂದಿರ್ತಾರೆ, ನೀವು ರಜೆ ಕೊಡ್ಲಿ ಬಿಡ್ಲಿ ಆ ದಿನ ಯಾರೂ ಬರಲ್ಲ, ಆಮೇಲೆ ಅರ್ಧ ಸಂಬಳ ಕಟ್ ಮಾಡಿ ಮನಸ್ಸು ಕೆಡಿಸ್ಕೊಳ್ಳೋದಕ್ಕಿಂತ ಇದು ಮೇಲು. ಹಬ್ಬದ ರಜೆ ದಿನ ಕೆಲ್ಸ ಮಾಡ್ಸಿದ್ರೆ ಡಬಲ್ ಸಂಬಳ, ಇಲ್ಲ ಆ ದಿನದ ಸಂಬಳ ಕೊಟ್ಟು ಬದ್ಲಿಗೆ ಇನ್ನೊಂದು ದಿನ ರಜೆ.

ಇದ್ರ ಮೇಲೆ ಹುಷಾರಿಲ್ದೇ ಇದ್ದಾಗ, ಮನೆ ಕೆಲ್ಸ ಬಂದಾಗ ಅಂತ ವರ್ಷಕ್ಕೆ 12 ದಿನ, ಮತ್ತೆ 20 ದಿನ ಕೆಲ್ಸ ಮಾಡಿದ್ದಕ್ಕೆ ಒಂದು ದಿನದಂತೆ ಗಳಿಕೆ ರಜೆ, ಅದನ್ನ 45 ದಿನದ ತನಕ ಕೂಡಿ ಹಾಕ್ಕೋಬೋದು. 2025ರ ನವೆಂಬರಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ಆದೇಶದ ಪ್ರಕಾರ 18ರಿಂದ 52 ವರ್ಷದ ಹೆಣ್ಮಕ್ಕಳಿಗೆ ತಿಂಗಳಿಗೆ ಒಂದು ದಿನ ಮುಟ್ಟಿನ ರಜೆ, ವರ್ಷಕ್ಕೆ 12, ಸಂಬಳ ಸಮೇತ, ಡಾಕ್ಟರ್ ಸರ್ಟಿಫಿಕೇಟ್ ಕೇಳಂಗಿಲ್ಲ. ಅಂಗಡಿಗಳಿಗೂ ಅನ್ವಯ ಆಗುತ್ತೆ. ಕೌಂಟರಲ್ಲಿ ಇಡೀ ದಿನ ನಿಂತ್ಕೊಂಡೇ ಸೀರೆ ತೋರ್ಸೋ ಹೆಣ್ಮಕ್ಕಳಿಗೆ ಇದು ಎಷ್ಟು ದೊಡ್ಡ ವಿಷ್ಯ ಅಂತ ಮಾಲೀಕ್ರು ಮನೇಲಿ ಕೇಳಿ ನೋಡಿ. ಹಂಗೇ ಒಂದು ಸ್ಟೂಲ್ ಇಡಿ, ಗಿರಾಕಿ ಇಲ್ದಾಗ ಕೂರ್ಲಿ, ಸ್ವಚ್ಛವಾಗಿರೋ ಟಾಯ್ಲೆಟ್ ಕೊಡಿ. ಪಕ್ಕದ ಹೋಟ್ಲಿಗೆ ಹೋಗು ಅನ್ನೋದು ಉತ್ತರ ಅಲ್ಲ.

ರಾತ್ರಿ 8ರ ಮೇಲೆ ಹೆಣ್ಮಕ್ಕಳನ್ನ ಕೆಲ್ಸದಲ್ಲಿ ಇಟ್ಕೋಬೇಕು ಅಂದ್ರೆ ಅವ್ರ ಲಿಖಿತ ಒಪ್ಪಿಗೆ, ಮನೆ ತನಕ ಗಾಡಿ, ಸೆಕ್ಯುರಿಟಿ ಇರ್ಬೇಕು. ನಿಟ್ಟುವಳ್ಳಿಗೋ ಆವರಗೆರೆಗೋ ಒಬ್ಳೇ ಆಟೋ ಹುಡುಕ್ಕೊಂಡು ಹೋಗ್ಲಿ ಅಂತ ಬಿಡೋದಲ್ಲ.

ಹೆಜ್ಜೆ 5: ಸಂಬಳ

ಕನಿಷ್ಠ ವೇತನ ಕೆಲ್ಸದ ವರ್ಗ, ಊರಿನ ವಲಯ ನೋಡಿ ನಿಗದಿ ಆಗಿರುತ್ತೆ, ಪ್ರತಿ ಏಪ್ರಿಲ್ 1ಕ್ಕೆ ತುಟ್ಟಿಭತ್ಯೆ ಬದ್ಲಾಗುತ್ತೆ. ಮಾರ್ಚ್ ಕೊನೇಲಿ ಕಾರ್ಮಿಕ ಇಲಾಖೆ ವೆಬ್‌ಸೈಟಲ್ಲೋ ಕಾರ್ಮಿಕ ಅಧಿಕಾರಿ ಕಚೇರಿಲೋ ಹೊಸ ಪಟ್ಟಿ ತಗೊಂಡು ಗೋಡೆಗೆ ಅಂಟಿಸಿ. ಪಕ್ಕದ ಅಂಗಡಿಯೋನು ಎಷ್ಟು ಕೊಡ್ತಾನೆ ಅನ್ನೋದು ಅಳತೆ ಅಲ್ಲ. ಮೂಟೆ ಲೆಕ್ಕ, ಪೀಸ್ ಲೆಕ್ಕದಲ್ಲಿ ಕೊಡೋರಿಗೂ ದಿನದ ಕೊನೆಗೆ ಕನಿಷ್ಠ ವೇತನಕ್ಕಿಂತ ಕಮ್ಮಿ ಬೀಳಂಗಿಲ್ಲ. ಒಂದೇ ಕೆಲ್ಸ ಮಾಡೋ ಗಂಡಸು ಹೆಂಗಸಿಗೆ ಬೇರೆ ಬೇರೆ ಸಂಬಳ ಕೊಡಂಗಿಲ್ಲ.

ತಿಂಗಳ ಸಂಬಳ ಮುಂದಿನ ತಿಂಗಳು 7ನೇ ತಾರೀಕು ಮುಗಿಯೋದ್ರೊಳಗೆ ಕೊಡ್ಬೇಕು. ಬ್ಯಾಂಕಿಗೆ ಹಾಕಿ. ಫೋನ್‌ಪೇಲಿ ಕೊಟ್ರೂ ಸರಿ, ಆದ್ರೆ "ಜೂನ್ ಸಂಬಳ" ಅಂತ ಬರ್ದು ಕಳ್ಸಿ, ಮಧ್ಯೆ ಮಧ್ಯೆ ಐನೂರು ಸಾವಿರ ಕೈಲಿ ಕೊಟ್ಟಿದ್ದು ಅದೇ ದಿನ ಬುಕ್ಕಲ್ಲಿ ಹತ್ತಿ ಸಹಿ ಆಗ್ಲಿ. ಸಂಬಳ ಚೀಟಿ ಕೊಡ್ಬೇಕು, ವಾಟ್ಸಾಪಲ್ಲಿ ಕಳ್ಸಿದ್ರೂ ಅವ್ರ ಹತ್ರ ಉಳಿಯುತ್ತೆ.

ಒಂದು ಲೆಕ್ಕ ಹತ್ರದಿಂದ ನೋಡೋಣ. ಬಿಲ್ಲಿಂಗ್‌ನಲ್ಲಿ ಕೂರೋ ಹುಡುಗಿ, ಸಂಬಳ 20,000, ಪಿಎಫ್ ಇಎಸ್‌ಐ ಎರಡೂ ಇರೋ ಅಂಗಡಿ. ಅವ್ಳ ಪಾಲಿನ ಇಎಸ್‌ಐ 0.75 ಪರ್ಸೆಂಟ್, 150 ರೂಪಾಯಿ. ಪಿಎಫ್ 15,000 ಮಿತಿ ಮೇಲೆ 12 ಪರ್ಸೆಂಟ್, 1,800. ವೃತ್ತಿ ತೆರಿಗೆ 25,000 ಸಂಬಳದಿಂದ ಶುರು, ಅವ್ಳಿಗಿಲ್ಲ. ಕೈಗೆ 18,050. ಮಾಲೀಕ್ರ ಪಾಲು ಇಎಸ್‌ಐ 3.25 ಪರ್ಸೆಂಟ್, 650. ಪಿಎಫ್ 1,800, ಅದ್ರಲ್ಲಿ 1,250 ಪಿಂಚಣಿಗೆ, 550 ಪಿಎಫ್ ಖಾತೆಗೆ ಹೋಗುತ್ತೆ. ವಿಮೆ, ಆಡಳಿತ ಶುಲ್ಕ ಅಂತ ಇನ್ನೊಂದು 150. ಅಂದ್ರೆ ಮಾಲೀಕ್ರ ಜೇಬಿಂದ 2,600 ಹೆಚ್ಚು, ಒಟ್ಟು ಖರ್ಚು 22,600. ಕೆಲ್ಸಕ್ಕೆ ತಗೊಳ್ಳೋವಾಗ್ಲೇ ಈ 22,600 ಲೆಕ್ಕ ತಲೇಲಿ ಇರ್ಲಿ, ಆಮೇಲೆ ಮಾಲೀಕ್ರ ಪಾಲನ್ನೂ ಅವ್ಳ ಸಂಬಳದಿಂದಾನೇ ಹಿಡಿಯೋದು ಸರಿಯಲ್ಲ, ಅದು ಕಾನೂನಿಗೂ ವಿರುದ್ಧ. ಪಿಎಫ್, ಇಎಸ್‌ಐ ಎರಡೂ ಮುಂದಿನ ತಿಂಗಳು 15ರೊಳಗೆ ಕಟ್ಬೇಕು. ಹುಡುಗಿ ಸಂಬಳದಿಂದ ಹಿಡ್ಕೊಂಡು ಕಟ್ದೇ ಇದ್ರೆ ಅದು ಬರೀ ಬಾಕಿ ಅಲ್ಲ, ಕ್ರಿಮಿನಲ್ ಕೇಸು.

ಇಎಸ್‌ಐ 21,000 ಸಂಬಳದ ತನಕ ಅನ್ವಯ. "ಇಎಸ್‌ಐ ದಂಡ, ಯಾರೂ ಹೋಗಲ್ಲ" ಅಂತ ಕೆಲ್ಸದೋರೇ ಹೇಳ್ತಾರೆ ಅನ್ನೋದು ಮಾಲೀಕ್ರ ಮಾಮೂಲಿ ಮಾತು. ನಮ್ಮೂರಲ್ಲೇ ಇಎಸ್‌ಐ ಆಸ್ಪತ್ರೆ ಇದೆ, ಕಾಟನ್ ಮಿಲ್ ಕಾಲದ ಹಿರೀಕ್ರನ್ನ ಕೇಳಿ, ಅವ್ರ ಮನೆಯ ಎಷ್ಟೋ ಹೆರಿಗೆ ಆಪರೇಷನ್ ಇಎಸ್‌ಐ ಮೇಲೇ ಆಗಿದಾವೆ. ಹುಷಾರಿಲ್ದೇ ಮಲ್ಗಿದ್ರೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಪರ್ಸೆಂಟ್ ಇಎಸ್‌ಐನೇ ಕೊಡುತ್ತೆ. ಇದನ್ನ ಕೆಲ್ಸದೋರಿಗೆ ಬಾಯಲ್ಲಿ ಹೇಳ್ಬೇಕಾದವ್ರು ನೀವೇ, ಕಾರ್ಡ್ ಮಾಡ್ಸಿ ಮನೆಯೋರ ಹೆಸ್ರು ಸೇರ್ಸಿಕೊಡಿ.

ಹೊಸ ಸಂಹಿತೆಲಿ ಒಂದು ಬದಲಾವಣೆ ಸರಿಯಾಗಿ ತಿಳ್ಕೊಳ್ಳಿ. ಮೊದ್ಲು ಪಿಎಫ್ ಕಮ್ಮಿ ಮಾಡೋಕೆ ಮೂಲ ವೇತನ ಸಣ್ಣದು ತೋರ್ಸಿ ಉಳಿದಿದ್ದನ್ನ ಭತ್ಯೆ ಅಂತ ಹಾಕ್ತಿದ್ರು. ಈಗ ವೇತನದ ಲೆಕ್ಕದಿಂದ ಹೊರಗಿಡಬೋದಾದ ಭತ್ಯೆಗಳೆಲ್ಲ ಸೇರಿ ಒಟ್ಟು ಸಂಬಳದ ಅರ್ಧ ದಾಟಿದ್ರೆ, ದಾಟಿದ ಭಾಗ ವೇತನಕ್ಕೇ ಸೇರುತ್ತೆ. 20,000ದಲ್ಲಿ ಮೂಲ 6,000, ಭತ್ಯೆ 14,000 ಅಂತ ತೋರ್ಸಿದ್ರೆ 4,000 ವಾಪಸ್ ಬಂದು ವೇತನ 10,000 ಅಂತಾನೇ ಲೆಕ್ಕ.

ಇನ್ನು ಕಡಿತ. ಒಟ್ಟು ಕಡಿತ ಸಂಬಳದ ಅರ್ಧ ದಾಟಂಗಿಲ್ಲ, ದಂಡ ಅಂತ ಹಾಕೋದು 3 ಪರ್ಸೆಂಟ್ ದಾಟಂಗಿಲ್ಲ. ಗಲ್ಲೆಲಿ ದುಡ್ಡು ಕಮ್ಮಿ ಬಂತು, ಗಾಜಿನ ಸಾಮಾನು ಒಡೀತು ಅಂದಾಕ್ಷಣ ಎಲ್ರ ಸಂಬಳದಲ್ಲೂ ಸಮ ಹಂಚಿ ಹಿಡಿಯೋದು ನಡಿಯಲ್ಲ. ಆ ಸಾಮಾನು, ಆ ದುಡ್ಡು ಅವ್ರ ಕೈಗೇ ಒಪ್ಪಿಸಿರ್ಬೇಕು, ಅವ್ರ ನಿರ್ಲಕ್ಷ್ಯದಿಂದಾನೇ ನಷ್ಟ ಆಗಿರ್ಬೇಕು, ಹಿಡಿಯೋ ಮುಂಚೆ ಅವ್ರ ಮಾತು ಕೇಳ್ಬೇಕು.

ಬೋನಸ್ 20 ಜನ ಇದ್ರೆ ಕಡ್ಡಾಯ, ವರ್ಷದಲ್ಲಿ 30 ದಿನ ಕೆಲ್ಸ ಮಾಡಿದ್ರೂ ಹಕ್ಕಿದೆ, ಕನಿಷ್ಠ 8.33 ಪರ್ಸೆಂಟ್. ದೀಪಾವಳಿಗೆ ಕೈಗೆ ಕೊಡೋ ದುಡ್ಡನ್ನ ಇದ್ರಲ್ಲಿ ಹೊಂದಿಸ್ಕೋಬೋದು, ಆದ್ರೆ ಬುಕ್ಕಲ್ಲಿ ಬೋನಸ್ ಅಂತ ಬರ್ದು ಸಹಿ ಇದ್ರೆ ಮಾತ್ರ.

ಹೆಜ್ಜೆ 6: ಹೆಣ್ಮಕ್ಕಳ ಸುರಕ್ಷತೆ, ಹೆರಿಗೆ

ಬಸುರಿ ಅಂತ ಗೊತ್ತಾದ ತಕ್ಷಣ "ನೀನು ರೆಸ್ಟ್ ತಗೋಳಮ್ಮ, ಆಮೇಲೆ ನೋಡೋಣ" ಅಂತ ಕಳ್ಸಿಬಿಡೋದು ಪ್ರೀತಿಯ ಮಾತಿನ ಹಾಗೆ ಕೇಳುತ್ತೆ, ಕಾನೂನಿನ ಕಣ್ಣಲ್ಲಿ ಅದು ಕೆಲ್ಸದಿಂದ ತೆಗ್ದಂಗೆ. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲ್ಸ ಮಾಡಿದ್ರೆ 26 ವಾರ ಪೂರ್ತಿ ಸಂಬಳದ ರಜೆ, ಎರಡು ಮಕ್ಕಳಿರೋರಿಗೆ ಮುಂದಿನ ಹೆರಿಗೆಗೆ 12 ವಾರ. ಆ ಸಮಯದಲ್ಲಿ ಕೆಲ್ಸದಿಂದ ತೆಗೆಯಂಗಿಲ್ಲ. ಇಎಸ್‌ಐ ಕಟ್ಟಿರೋರಿಗೆ ಈ ದುಡ್ಡು ಇಎಸ್‌ಐನಿಂದಾನೇ ಬರುತ್ತೆ, ನಿಮ್ಮ ಮೇಲೆ ಬೀಳಲ್ಲ. ಇಎಸ್‌ಐ ದಂಡ ಅನ್ನೋರು ಇದನ್ನೊಂದು ಲೆಕ್ಕ ಹಾಕಿ ನೋಡ್ಬೇಕು. ವಾಪಸ್ ಬಂದ್ಮೇಲೆ ಮಗುಗೆ 15 ತಿಂಗಳಾಗೋ ತನಕ ದಿನಕ್ಕೆ ಎರಡು ಸಲ ಹಾಲುಣಿಸೋ ಬಿಡುವು ಬೇಕು.

ಲೈಂಗಿಕ ಕಿರುಕುಳ ತಡೆ ಕಾಯ್ದೆ 2013ರದ್ದು. ಗಂಡಸ್ರು ಹೆಂಗಸ್ರು ಎಲ್ಲ ಸೇರಿ 10 ಜನ ಇದ್ರೆ ಆಂತರಿಕ ಸಮಿತಿ ಬೇಕೇ ಬೇಕು. ಅಧ್ಯಕ್ಷೆ ಹಿರಿಯ ಸ್ಥಾನದಲ್ಲಿರೋ ಹೆಣ್ಮಗಳು, ಕೆಲ್ಸದೋರಲ್ಲೇ ಇಬ್ರಾದ್ರೂ ಸದಸ್ಯರು, ಹೊರಗಿನಿಂದ ಒಬ್ರು, ಮಹಿಳೆಯರ ವಿಷ್ಯದಲ್ಲಿ ಕೆಲ್ಸ ಮಾಡೋ ಸಂಸ್ಥೆಯೋರು. ಒಟ್ಟು ಸಮಿತಿಲಿ ಅರ್ಧಕ್ಕೆ ಕಮ್ಮಿ ಇಲ್ದಂಗೆ ಹೆಣ್ಮಕ್ಕಳು. ಮಾಲೀಕ್ರ ಹೆಂಡ್ತಿನ ಅಧ್ಯಕ್ಷೆ ಮಾಡಿ, ತಮ್ಮನ್ನ ಸದಸ್ಯ ಮಾಡಿ, ಹೊರಗಿನೋರ ಜಾಗಕ್ಕೆ ಆಡಿಟರ್ ಹೆಸ್ರು ಬರ್ದಿರೋ ಆದೇಶ ನೋಡಿದೀನಿ. ಆ ಸಮಿತಿ ಮುಂದೆ ಯಾವ ಹುಡುಗಿ ಬಾಯಿ ಬಿಡ್ತಾಳೆ ಹೇಳಿ. ಹುಡುಗೀರು ನಂಬೋ ಒಬ್ರು ಹಿರಿ ಹೆಣ್ಮಗಳು ಪ್ರತಿ ಅಂಗಡಿಲೂ ಇರ್ತಾರೆ, ಅವ್ರನ್ನ ಹಾಕಿ, ಹೊರಗಿನೋರನ್ನ ನಿಜವಾಗ್ಲೂ ಹೊರಗಿನಿಂದ ಕರೀರಿ.

ದೂರು ಮೂರು ತಿಂಗಳೊಳಗೆ ಕೊಡ್ಬೇಕು, ಸರಿಯಾದ ಕಾರಣ ಇದ್ರೆ ಸಮಿತಿ ಇನ್ನೂ ಮೂರು ತಿಂಗಳು ಕೊಡ್ಬೋದು. ಬರೆಯೋಕೆ ಬರ್ದೇ ಇದ್ರೆ ಸಮಿತಿಯೋರೇ ಬರ್ಕೊಡ್ಬೇಕು. ವಿಚಾರಣೆ 90 ದಿನದಲ್ಲಿ ಮುಗಿಬೇಕು, ವರದಿ ಬಂದ 60 ದಿನದಲ್ಲಿ ಕ್ರಮ ಆಗ್ಬೇಕು. ಹುಡುಗಿ ಹೆಸ್ರು ಹೊರಗೆ ಬರಂಗಿಲ್ಲ, ಇದು ನಮ್ಮಂಥ ಊರಲ್ಲಿ ಜೀವದಷ್ಟು ಮುಖ್ಯ, ಇಲ್ಲಿ ಒಬ್ರಿಗೆ ಹೇಳಿದ್ರೆ ಮಂಡಿಪೇಟೆಯಿಂದ ವಿದ್ಯಾನಗರದ ತನಕ ಸಂಜೆ ಹೊತ್ತಿಗೆ ಗೊತ್ತಿರುತ್ತೆ. ಸಮಿತಿ ಮಾಡ್ದೇ ಇದ್ರೆ 50,000ದ ತನಕ ದಂಡ, ಅದೇ ತಪ್ಪು ಮತ್ತೆ ಆದ್ರೆ ಡಬಲ್, ಲೈಸೆನ್ಸಿಗೂ ಪೆಟ್ಟು. 10ಕ್ಕಿಂತ ಕಮ್ಮಿ ಇರೋ ಅಂಗಡಿಯ ಹೆಣ್ಮಕ್ಕಳು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗ್ಬೋದು, ದೂರು ಮಾಲೀಕ್ರ ಮೇಲೇ ಇದ್ರೂ ಅಲ್ಲಿಗೇ. ಈ ಮಾಹಿತಿ ಗೋಡೆ ಮೇಲೆ ಕನ್ನಡದಲ್ಲಿ ಇರ್ಲಿ, ಸಮಿತಿಯೋರ ಹೆಸ್ರು ಫೋನ್ ನಂಬರ್ ಸಮೇತ.

ಹೆಜ್ಜೆ 7: ಅಂಗಡಿ ನಿಯಮ ಒಂದು ಹಾಳೆಲಿ

ಇಂಟರ್ನೆಟ್‌ನಿಂದ ನಲವತ್ತು ಪುಟದ ಇಂಗ್ಲಿಷ್ ಪಾಲಿಸಿ ಇಳಿಸ್ಕೊಂಡು ಫೈಲ್ ಮಾಡಿದ್ರೆ ಯಾರಿಗೂ ಉಪಯೋಗ ಇಲ್ಲ. ಕನ್ನಡದಲ್ಲಿ ಒಂದು ಹಾಳೆ, ಎರಡೂ ಬದಿ ಸಾಕು. ಟೈಮು, ಪಾಳಿ, ವಾರದ ರಜೆ, ರಜೆ ಯಾರನ್ನ ಕೇಳ್ಬೇಕು ಎಷ್ಟು ಮುಂಚೆ ಕೇಳ್ಬೇಕು, ಸಂಬಳದ ತಾರೀಕು, ಅಡ್ವಾನ್ಸ್ ಎಷ್ಟು ಸಿಗುತ್ತೆ ಹೆಂಗೆ ಕಡಿತ, ಗಲ್ಲೆ ಎಣಿಸೋವಾಗ ಯಾರು ಯಾರು ಇರ್ಬೇಕು, ಫೋನ್ ಬಳಕೆ, ಯಾವ್ದು ದುರ್ನಡತೆ ಅಂತ ಲೆಕ್ಕ, ದೂರು ಯಾರಿಗೆ. ಹಾಜರಿ ಬುಕ್ಕಲ್ಲಿ ಬಂದ ಹೊತ್ತು ಹೋದ ಹೊತ್ತು ಎರಡೂ ಬರಲಿ, ಬರೀ ಪಿ ಅಂತ ಹಾಕಿದ್ರೆ ಓಟಿ ಲೆಕ್ಕ ಹೆಂಗೆ ಹಾಕ್ತೀರಿ.

ಹೆಜ್ಜೆ 8: ಪೆಟ್ಟಾದ್ರೆ

ಇಎಸ್‌ಐ ಇದ್ರೆ ಮೊದ್ಲು ಆಸ್ಪತ್ರೆ, ತಕ್ಷಣ ಆನ್‌ಲೈನಲ್ಲಿ ಅಪಘಾತ ವರದಿ. ಇಎಸ್‌ಐ ಇಲ್ದೋರಿಗೆ, ಅಂದ್ರೆ ಹತ್ತರೊಳಗಿನ ಅಂಗಡಿ, ಇಲ್ಲ 21,000 ದಾಟಿದ ಸಂಬಳ, ಪೂರ್ತಿ ಪರಿಹಾರ ಮಾಲೀಕ್ರ ಹೊಣೆ. ಇದ್ಕೆ ವಿಮಾ ಕಂಪ್ನಿಗಳಲ್ಲಿ ಕಾರ್ಮಿಕ ಪರಿಹಾರ ಪಾಲಿಸಿ ಸಿಗುತ್ತೆ, ಅಕ್ಕಿ ಗಿರಣಿ, ಎಣ್ಣೆ ಮಿಲ್, ಲಾರಿ ಇಟ್ಟೋರು ಇದಿಲ್ದೇ ಒಂದು ದಿನಾನೂ ಕೆಲ್ಸ ನಡೆಸ್ಬಾರ್ದು. ಕೆಲ್ಸಕ್ಕೆ ಬರೋ ದಾರೀಲಿ ಆದ ಅಪಘಾತಾನೂ, ಅದು ಕೆಲ್ಸಕ್ಕೆ ಸಂಬಂಧಪಟ್ಟದ್ದು ಅಂತ ಕಂಡ್ರೆ, ಈಗ ಲೆಕ್ಕಕ್ಕೆ ಬರುತ್ತೆ.

ಸಾವು ಆದಾಗ ನಮ್ಮ ಕಡೆ ಹಿರೀಕ್ರು ಕೂತು ಪಂಚಾಯ್ತಿ ಮಾಡಿ, ಮನೆಯೋರ ಕೈಗೆ ದುಡ್ಡು ಕೊಟ್ಟು ಛಾಪಾ ಕಾಗದದ ಮೇಲೆ ಬರೆಸ್ಕೊಂಡು ಮುಗೀತು ಅಂತಾರೆ. ಕಾನೂನಲ್ಲಿ ಅದು ಮುಗಿಯಲ್ಲ. ಸಾವಿನ ಪರಿಹಾರನ ಸಕ್ಷಮ ಪ್ರಾಧಿಕಾರದಲ್ಲೇ (ಪರಿಹಾರ ತೀರ್ಮಾನಿಸೋಕೆ ಸರ್ಕಾರ ನೇಮಿಸಿರೋ ಅಧಿಕಾರಿ) ಠೇವಣಿ ಇಡ್ಬೇಕು, ಕೈಗೆ ಕೊಟ್ಟಿದ್ದನ್ನ ಪರಿಹಾರ ಅಂತ ಒಪ್ಪಲ್ಲ, ನಾಳೆ ಅರ್ಜಿ ಬಂದ್ರೆ ಮತ್ತೆ ಪೂರ್ತಿ ಕಟ್ಬೇಕಾಗುತ್ತೆ. ಪ್ರಾಧಿಕಾರದ ಮೂಲಕ ಹೋದ್ರೆ ಹೆಂಡ್ತಿ ಮಕ್ಕಳ ಪಾಲು ಮಧ್ಯದಲ್ಲಿ ಯಾರ ಕೈಗೂ ಸಿಗದೇ ಅವ್ರಿಗೇ ಸೇರುತ್ತೆ. ಮಣ್ಣು, ಆಸ್ಪತ್ರೆ ಖರ್ಚಿಗೆ ತಕ್ಷಣ ಕೊಡೋದನ್ನ ಕೊಡಿ, ಅದು ಮನುಷ್ಯತ್ವ, ಪರಿಹಾರ ಬೇರೆ.

ಹೆಜ್ಜೆ 9: ಬಿಟ್ಟು ಹೋದಾಗ, ತೆಗೀಬೇಕಾದಾಗ

"ನಾಳೆಯಿಂದ ಬರಬ್ಯಾಡ" ಅನ್ನೋ ಮಾತು ಸಿಟ್ಟಲ್ಲಿ ಬರುತ್ತೆ, ಆದ್ರೆ ಆರು ತಿಂಗಳು ಕೆಲ್ಸ ಮಾಡಿದೋರನ್ನ ಸರಿಯಾದ ಕಾರಣ ಇಲ್ದೇ, ಒಂದು ತಿಂಗಳ ನೋಟಿಸ್ ಇಲ್ಲ ಒಂದು ತಿಂಗಳ ಸಂಬಳ ಕೊಡ್ದೇ ತೆಗೆಯೋಕೆ ಬರಲ್ಲ, ಅಂಗಡಿ ಕಾಯ್ದೆಯ 39ನೇ ಕಲಂ ಇದು. ಕಳ್ಳತನ, ಹೊಡೆದಾಟದಂಥ ದುರ್ನಡತೆ ಆದ್ರೆ ನೋಟಿಸ್ ಅವಧಿ ಬೇಡ, ಆದ್ರೆ ವಿಚಾರಣೆ ಬೇಕು. ಏನು ಆರೋಪ, ಯಾವ ದಿನ ಅಂತ ಬರ್ದು ಕಾರಣ ಕೇಳಿ ಪತ್ರ ಕೊಡಿ, ಉತ್ತರಕ್ಕೆ ಟೈಮ್ ಕೊಡಿ, ನೋಡಿದೋರ ಮುಂದೆ ಅವ್ರಿಗೂ ಮಾತಾಡೋಕೆ ಬಿಡಿ, ಆಮೇಲೆ ಆದೇಶ. ಪತ್ರ ತಗೊಳ್ಳಲ್ಲ ಅಂದ್ರೆ ಮನೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳ್ಳಿ. ಹುಡುಗ ತಾನೇ ಬರೋದು ಬಿಟ್ಟ ಅಂದ್ರೂ ಇದೇ ದಾರಿ.

ಹೋಗೋ ದಿನದ ಲೆಕ್ಕ ಹಿಂಗೆ. ಬಾಕಿ ಸಂಬಳ ಎರಡು ಕೆಲ್ಸದ ದಿನದೊಳಗೆ, ಅವ್ರೇ ರಾಜೀನಾಮೆ ಕೊಟ್ರೂ ಅಷ್ಟೇ. ಉಳಿದ ಗಳಿಕೆ ರಜೆಯ ದುಡ್ಡು. ಐದು ವರ್ಷ ಆಗಿದ್ರೆ ಗ್ರಾಚ್ಯುಟಿ, 30 ದಿನದೊಳಗೆ. ಅದೇ 20,800 ಸಂಬಳದೋನು 10 ವರ್ಷ 8 ತಿಂಗಳು ದುಡಿದಿದಾನೆ ಅನ್ನಿ, ಪೂರ್ತಿ ಮೂಲ ವೇತನ ತುಟ್ಟಿಭತ್ಯೆನೇ. ಆರು ತಿಂಗಳು ದಾಟಿದ್ರಿಂದ 11 ವರ್ಷ ಅಂತ ಲೆಕ್ಕ. 26ರಿಂದ ಭಾಗಿಸಿದ್ರೆ 800, 15 ದಿನಕ್ಕೆ 12,000, 11 ವರ್ಷಕ್ಕೆ 1,32,000. ಈ ಮೊತ್ತ ನೋಡಿ ಎದೆ ಧಸಕ್ ಅನ್ಸೋ ಬದ್ಲು ವರ್ಷ ವರ್ಷ ಸ್ವಲ್ಪ ಸ್ವಲ್ಪ ಬೇರೆ ಖಾತೆಲಿ ತೆಗ್ದಿಡಿ. ಇಂತಿಷ್ಟು ಅವಧಿಗೆ ಅಂತ ಒಪ್ಪಂದದ ಮೇಲೆ ಇಟ್ಕೊಂಡೋರಿಗೆ ಈಗ ಒಂದು ವರ್ಷಕ್ಕೇ ಗ್ರಾಚ್ಯುಟಿ ಬರುತ್ತೆ. ಪಿಎಫ್ ಪೋರ್ಟಲಲ್ಲಿ ಬಿಟ್ಟ ದಿನಾಂಕ ಹಾಕೋದು ಮರೀಬೇಡಿ, ಅದು ಹಾಕ್ದೇ ಎಷ್ಟೋ ಜನರ ಪಿಎಫ್ ದುಡ್ಡು ಸಿಕ್ಕಾಕ್ಕೊಂಡಿರುತ್ತೆ. ಕೆಲ್ಸ ಮಾಡಿದ ಸರ್ಟಿಫಿಕೇಟ್ ಕೊಡಿ, ಒಳ್ಳೇ ಮಾತಾಡಿ ಕಳ್ಸಿ.

ಹೆಜ್ಜೆ 10: ಇನ್ಸ್‌ಪೆಕ್ಟರ್ ಬಂದಾಗ

ಅಂಗಡಿ ಹುಡುಗ್ರನ್ನ ಹಿಂದಿನ ಬಾಗ್ಲಿಂದ ಕಳಿಸ್ಬೇಡಿ. ಗುರುತಿನ ಚೀಟಿ ನೋಡಿ, ಕೂರ್ಸಿ, ಕೇಳಿದ ಬುಕ್ ತೋರ್ಸಿ, ಪ್ರತಿ ಕೊಟ್ರೆ ಸಹಿ ತಗೊಳ್ಳಿ. ಇಲ್ದೇ ಇರೋ ರಿಜಿಸ್ಟರ್‌ನ ರಾತ್ರೋರಾತ್ರಿ ಒಂದೇ ಪೆನ್ನಲ್ಲಿ ವರ್ಷದ್ದೆಲ್ಲ ತುಂಬೋಕೆ ಹೋಗ್ಬೇಡಿ, ಇಲ್ಲ ಅಂದ್ರೆ ಇಲ್ಲ ಅಂತ ಹೇಳಿ ಇವತ್ತಿನಿಂದ ಶುರು ಮಾಡಿ. ವೇತನ ಸಂಹಿತೆಲಿ ಕೇಸ್ ಹಾಕೋ ಮುಂಚೆ ಸರಿ ಮಾಡ್ಕೊಳ್ಳೋಕೆ ಲಿಖಿತವಾಗಿ ಒಂದು ಅವಕಾಶ ಕೊಡ್ಬೇಕು ಅಂತ ಇದೆ, ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಆದ್ರೆ ಆ ಅವಕಾಶ ಇಲ್ಲ. ಹಂಗಾಗಿ ನೋಟಿಸ್ ಕೈಗೆ ಬಂದ ದಿನ ಅದ್ರ ಮೇಲೆ ಬಂದ ತಾರೀಕು ಬರ್ದು, ಕೊಟ್ಟಿರೋ ಗಡುವನ್ನ ಗಲ್ಲೆ ಮೇಲಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಕಮ್ಮಿ ಕೊಟ್ಟಿರೋ ಸಂಬಳ ಇದ್ರೆ ಮೊದ್ಲು ಅದನ್ನ ಬ್ಯಾಂಕಿಗೆ ಹಾಕಿ, ಆ ರಸೀದಿ ಜೊತೆ ಉತ್ತರ ಕೊಡಿ.